ಕ್ಯಾರಲ್‌ನವರಿಗೆ ಎರಡು ಫ್ಲಾಸ್ಕ್ ಚಹಾ

ಮಗಳಿಗೆ ಎಂಟು ತಿಂಗಳಿದ್ದಾಗ ನಾನು ಕ್ರಿಸ್ಮಸ್‌ಗೆ ಏಳು ಬಗೆಯ ತಿಂಡಿ ಮಾಡಲು ಕೂತೆ. ಕರ್ಚಿಕಾಯಿ, ಶಂಕರಪಾಳಿ, ಚಕ್ಕುಲಿ, ಶೇವು, ಬೇಸನ್ ಉಂಡಿ, ಬಿಸ್ಕತ್, ಕೇಕ್. ನಮ್ಮ ಅವ್ವ ಇಷ್ಟೂ ಮಾಡುತ್ತಿದ್ದಳು, ನಾನೂ ಮಾಡಬೇಕು ಅಂತ ಅನ್ನಿಸಿತ್ತು, ಅಷ್ಟೇ. 23ರ ರಾತ್ರಿ ಒಂದೂವರೆಗೆ ಇನ್ನೂ ಎಣ್ಣೆಯ ಮುಂದೆ ಇದ್ದೆ. ಕರ್ಚಿಕಾಯಿ ಒಂದರ ಹಿಂದೊಂದು ಬಾಯಿ ಬಿಡುತ್ತಿದ್ದವು. ಹೂರಣ ಎಣ್ಣೆಗೆ ಬಿದ್ದು ಕಪ್ಪಾಗಿ, ಆ ಕಪ್ಪು ಆಮೇಲೆ ಹಾಕಿದವಕ್ಕೆಲ್ಲ ಅಂಟುತ್ತಿತ್ತು. ಒಳಗೆ ಮಗು ಅಳುತ್ತಿತ್ತು. ಮರುದಿನ ನನಗೆ ಜ್ವರ. 25ಕ್ಕೆ ಚರ್ಚಿಗೆ ಹೋಗಲು ಆಗಲಿಲ್ಲ. ಆರಾಧನೆಯ ಗಂಟೆ ಮನೆಗೇ ಕೇಳಿಸುತ್ತಿತ್ತು, ನಾನು ಹಾಸಿಗೆಯಲ್ಲಿದ್ದೆ.

ಆವತ್ತು ನಮ್ಮ ಅತ್ತಿ ಗಂಜಿ ತಂದುಕೊಟ್ಟು ಒಂದೇ ಮಾತು ಹೇಳಿದರು. "ಹಬ್ಬ ಮಕ್ಕಳದ್ ಅದವ್ವಾ. ನೀನ ಮಲಗಿಬಿಟ್ರ ಅವುಕ್ಕ ಹಬ್ಬ ಯಾರ್ ಮಾಡ್ತಾರ?"

ಅದು 2019. ಈಗ ನಮಗೆ ಇಬ್ಬರು ಮಕ್ಕಳು. 2024ರ ಡಿಸೆಂಬರ್‌ನಲ್ಲಿ ಮಗಳಿಗೆ ಐದೂವರೆ ದಾಟಿತ್ತು, ಮಗನಿಗೆ ಒಂದೂಮುಕ್ಕಾಲು. ನಾನು ನರ್ಸ್, ಶಿಫ್ಟ್ ಕೆಲಸ. ನಮ್ಮ ಮನೆಯವರು ಬೀದರ್‌ನ ದವಸಧಾನ್ಯದ ಮಾರುಕಟ್ಟೆ ಗಾಂಧಿ ಗಂಜ್‌ನಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುತ್ತಾರೆ. ಡಿಸೆಂಬರ್ ಕೊನೆಗೆ ಹೊಸ ತೊಗರಿ ಬರಲು ಶುರುವಾಗುತ್ತದೆ, ಆಗ ಅವರು ಮನೆಗೆ ಬರುವುದೇ ರಾತ್ರಿ ಒಂಬತ್ತರ ಮೇಲೆ. ಇಂಥ ಮನೆಯಲ್ಲಿ ಹಬ್ಬವನ್ನು ಹೇಗೆ ಹೊಂದಿಸಿಕೊಂಡೆವು ಅಂತ ಬರೆಯುತ್ತಿದ್ದೇನೆ. ಸಣ್ಣ ಮಕ್ಕಳಿರುವ ತಾಯಂದಿರಿಗೆ ಸ್ವಲ್ಪವಾದರೂ ಉಪಯೋಗ ಆಗಲಿ.

ಮೊದಲು ರಜೆ. ಡಿಸೆಂಬರ್‌ನಲ್ಲಿ ಹೋಗಿ ಕೇಳಿದರೆ ಸಿಗುವುದಿಲ್ಲ. ನಾನು ದೀಪಾವಳಿಯಲ್ಲೇ ಮಾತಾಡಿಕೊಂಡೆ. ಆ ಮೂರು ದಿನ ಜೊತೆಯ ಸಿಸ್ಟರ್‌ಗಳ ಡ್ಯೂಟಿ ನಾನು ಮಾಡಿದೆ. 24, 25 ಅವರು ನನ್ನದು ಮಾಡಿದರು. ಈ ಒಪ್ಪಂದ ಐದು ವರ್ಷದಿಂದ ಒಮ್ಮೆಯೂ ತಪ್ಪಿಲ್ಲ.

ಆಮೇಲೆ ದುಡ್ಡು. ನಾವು ಹನ್ನೆರಡು ಜನ ಹೆಂಗಸರು ತಿಂಗಳಿಗೆ ತಲಾ 500 ರೂಪಾಯಿಯ ಭೀಸಿ, ಅಂದರೆ ಚೀಟಿ, ನಡೆಸುತ್ತೇವೆ. ನನ್ನ ಪಾಳಿಯನ್ನು ನವೆಂಬರ್‌ಗೆ ಇಟ್ಟುಕೊಂಡಿದ್ದೇನೆ. ಕೈಗೆ ಬರುವ 6000ದಲ್ಲಿ ಮಕ್ಕಳ ಬಟ್ಟೆ, ತಿಂಡಿಯ ಸಾಮಾನು, ಮನೆಮನೆಗೆ ಹಾಡಲು ಬರುವ ಕ್ಯಾರಲ್‌ನವರ ಕಾಣಿಕೆ ಮುಗಿಯಬೇಕು. ಮಟನ್ ಸಂಬಳದ ದುಡ್ಡಿನಲ್ಲಿ. ಮಗಳ ಫ್ರಾಕ್ ಬಟ್ಟೆ ನವೆಂಬರ್ 15ರ ಒಳಗೆ ಟೇಲರ್ ಕೈಗೆ ಹೋಗಲೇಬೇಕು. ಡಿಸೆಂಬರ್‌ನಲ್ಲಿ ಕೊಟ್ಟರೆ 24ರ ರಾತ್ರಿ ಅಂಗಡಿ ಮುಂದೆ ಕಾಯುತ್ತಾ ನಿಲ್ಲಬೇಕಾಗುತ್ತದೆ. ಇನ್ನೊಂದು ಮಾತು, ಫ್ರಾಕ್ ಅಳತೆಯನ್ನು ಸ್ವೆಟರ್ ಹಾಕಿಸಿಯೇ ಕೊಡಿಸಿ. ಬೀದರ್ ಎತ್ತರದ ಬಯಲಿನ ಮೇಲಿದೆ, ಡಿಸೆಂಬರ್‌ನಲ್ಲಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವ ರಾತ್ರಿಗಳು ಇರುತ್ತವೆ. ಸ್ವೆಟರ್ ಒಳಗಿದ್ದು ಫ್ರಾಕ್ ಮೇಲಿದ್ದರೆ ಹೊಸ ಬಟ್ಟೆ ಕಾಣುತ್ತದೆ, ಮಗುವಿಗೂ ಬೆಚ್ಚಗೆ. ಇಲ್ಲದಿದ್ದರೆ ಚರ್ಚ್ ಬಾಗಿಲಲ್ಲಿ ಸ್ವೆಟರ್ ಬಿಚ್ಚುವ ಜಗಳ ಶುರು.

ತಿಂಡಿ ಈಗ ಮೂರೇ. ಕರ್ಚಿಕಾಯಿ ಮತ್ತು ಕೇಕ್ ಮನೆಯಲ್ಲಿ, ಬಿಸ್ಕತ್ ಬೇಕರಿಯಲ್ಲಿ. ಮೈದಾ, ಸಕ್ಕರೆ, ಡಾಲ್ಡಾ ನಾವೇ ಒಯ್ದು ಕೊಟ್ಟರೆ ಅವರು ಕಲಸಿ, ಭಟ್ಟಿಯಲ್ಲಿ ಸುಟ್ಟು, ನಮ್ಮ ಡಬ್ಬಿಗೇ ತುಂಬಿ ಕೊಡುತ್ತಾರೆ. ಡಿಸೆಂಬರ್ 20ರ ಮೇಲೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, 12ನೇ ತಾರೀಖಿಗೇ ಹೋಗಿಬಿಡಿ. ಮಗಳು ಭಟ್ಟಿಯಿಂದ ಟ್ರೇ ಹೊರಗೆ ಬರುವುದನ್ನು ನೋಡಲೆಂದೇ ಜೊತೆಗೆ ಬರುತ್ತಾಳೆ.

ಕರ್ಚಿಕಾಯಿ ಬಾಯಿ ಬಿಡುವುದಕ್ಕೆ ಕಾರಣ ನಮ್ಮ ಚಳಿಯೇ ಅಂತ ನನಗೆ ಎರಡು ವರ್ಷ ಹೊಳೆಯಲಿಲ್ಲ. ಒಣ ಗಾಳಿಗೆ ಲಟ್ಟಿಸಿದ ಹಾಳೆ ಎರಡೇ ನಿಮಿಷದಲ್ಲಿ ಒಣಗಿ ಅಂಚು ಬಿರುಸಾಗುತ್ತದೆ. ಬಿರುಸಾದ ಅಂಚು ಎಷ್ಟು ಒತ್ತಿದರೂ ಕೂಡಿಕೊಳ್ಳುವುದಿಲ್ಲ. ಈಗ ನಾದಿದ ಕಣಕವನ್ನು ಒದ್ದೆ ಬಟ್ಟೆಯ ಕೆಳಗೆ ಇಟ್ಟು, ಒಂದೊಂದೇ ಉಂಡೆ ತೆಗೆದು ಲಟ್ಟಿಸುತ್ತೇನೆ. ಅಂಚಿಗೆ ಬೆರಳಿನಿಂದ ಹಾಲು ಸವರುತ್ತೇನೆ. ಹೂರಣ ಒಂದೂವರೆ ಚಮಚದ ಮೇಲೆ ಇಲ್ಲ. ಒಣಕೊಬ್ಬರಿ, ಪುಟಾಣಿ ಹಿಟ್ಟು, ಗಸಗಸೆ ಹುರಿದು, ಪೂರ್ತಿ ಆರಿದ ಮೇಲೇ ಸಕ್ಕರೆ ಪುಡಿ, ಏಲಕ್ಕಿ ಬೆರೆಸಿ ತುಂಬಬೇಕು. ಬಿಸಿ ಇದ್ದರೆ ಒಳಗೆ ಬೆವರುತ್ತದೆ. ತುಂಬಿದ್ದನ್ನೂ ಒದ್ದೆ ಬಟ್ಟೆಯಲ್ಲೇ ಮುಚ್ಚಿಡುತ್ತೇನೆ. ಒಂದೇ ರಾತ್ರಿ ಎಲ್ಲಾ ಮಾಡುವುದಿಲ್ಲ. ಮಕ್ಕಳು ಮಲಗಿದ ಮೇಲೆ ಒಂಬತ್ತರಿಂದ ಹತ್ತೂವರೆ, ಮೂವತ್ತು ಮಾತ್ರ. ಮೂರು ರಾತ್ರಿಗೆ ತೊಂಬತ್ತು. ಎರಡನೇ ರಾತ್ರಿಯಿಂದ ನಮ್ಮ ಮನೆಯವರೂ ಕೂಡುತ್ತಾರೆ. ಅಂಚು ಮಡಚುವ ಕೈ ಅವರದೇ ಚೆಂದ.

ಕೇಕ್‌ಗೆ ನಮ್ಮ ಹತ್ತಿರ ಓವನ್ ಇಲ್ಲ. ಹಳೆಯ ಐದು ಲೀಟರ್ ಕುಕ್ಕರ್ ಇದೆ. ಅದರ ರಬ್ಬರ್ ಮತ್ತು ಸೀಟಿ ತೆಗೆದು, ತಳದಲ್ಲಿ ಎರಡು ಬಟ್ಟಲು ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಕಾಯಿಸುತ್ತೇನೆ. ನೀರು ಹಾಕಬಾರದು. ಆರಿಂಚಿನ ಡಬ್ಬಿಗೆ 150 ಗ್ರಾಂ ಮೈದಾ, 120 ಗ್ರಾಂ ಬೆಣ್ಣೆ, 120 ಗ್ರಾಂ ಸಕ್ಕರೆ ಪುಡಿ, ಮೂರು ಮೊಟ್ಟೆ, ಒಂದು ಸಣ್ಣ ಚಮಚ ಬೇಕಿಂಗ್ ಪೌಡರ್. ಇಲ್ಲೂ ಚಳಿ ಅಡ್ಡ ಬರುತ್ತದೆ. ಬೆಣ್ಣೆ ಕಲ್ಲಿನಂತಿದ್ದರೆ ಸಕ್ಕರೆ ಜೊತೆ ನೊರೆಯಾಗುವುದಿಲ್ಲ, ತಣ್ಣನೆಯ ಮೊಟ್ಟೆ ಒಡೆದರೆ ಮಿಶ್ರಣ ಒಡಕಲಾಗುತ್ತದೆ. ಹಾಗಾಗಿ ಮೊಟ್ಟೆಗಳನ್ನು ಉಗುರುಬೆಚ್ಚನೆಯ ನೀರಲ್ಲಿ ಹತ್ತು ನಿಮಿಷ ಬಿಡುತ್ತೇನೆ. ನಾವು ಮೆಥೋಡಿಸ್ಟ್ ಸಭೆಯವರು, ಮನೆಗೆ ಮದ್ಯ ತರುವುದಿಲ್ಲ. ದ್ರಾಕ್ಷಿ, ಖರ್ಜೂರ, ಟುಟ್ಟಿ ಫ್ರೂಟಿಯನ್ನು ಕಿತ್ತಳೆ ರಸದಲ್ಲಿ ಒಂದು ರಾತ್ರಿ ಫ್ರಿಜ್‌ನಲ್ಲಿ ನೆನೆಸಿದರೆ ಸಾಕು. ವಾರಗಟ್ಟಲೆ ಇಡಬೇಡಿ, ರಸ ಹುಳಿ ಬರುತ್ತದೆ. ಹಾಕುವ ಮುಂಚೆ ಹಿಂಡಿ, ಒಂದು ಚಮಚ ಮೈದಾದಲ್ಲಿ ಹೊರಳಿಸಿದರೆ ತಳಕ್ಕೆ ಇಳಿಯುವುದಿಲ್ಲ. ಸಣ್ಣ ಉರಿಯಲ್ಲಿ ಐವತ್ತು ನಿಮಿಷ. ಅರ್ಧ ಗಂಟೆಯವರೆಗೆ ಮುಚ್ಚಳ ತೆಗೆಯಲೇಬೇಡಿ.

ನಕ್ಷತ್ರ ಮಾತ್ರ ಕೊಂಡುತರುವುದಿಲ್ಲ. ಇದು ನಮ್ಮ ಮನೆಯವರ ಹಟ. ಎರಡಡಿ ಉದ್ದದ ಹತ್ತು ಬಿದಿರು ಕಡ್ಡಿ ಸೀಳುತ್ತಾರೆ. ಐದೈದು ಕಡ್ಡಿಯ ಎರಡು ನಕ್ಷತ್ರ ಮಾಡಿ, ಒಂದರ ಮೇಲೊಂದು ಇಟ್ಟು ಐದೂ ತುದಿ ದಾರದಿಂದ ಬಿಗಿಯುತ್ತಾರೆ. ಆಮೇಲೆ ಒಳಗಡೆ ಕಡ್ಡಿಗಳು ಕೂಡುವ ಐದು ಜಾಗದಲ್ಲಿ ನಾಲ್ಕಿಂಚಿನ ತುಂಡು ಸಿಗಿಸುತ್ತಾರೆ. ಅಲ್ಲಿಯವರೆಗೆ ಚಪ್ಪಟೆಯಾಗಿದ್ದದ್ದು ಉಬ್ಬಿ ನಿಲ್ಲುತ್ತದೆ. ಹೋದ ಸಲ ಐದನೇ ತುಂಡನ್ನು ಮಗಳು ಸಿಗಿಸಿದಳು. "ಅಪ್ಪಾ, ಹೊಟ್ಟಿ ಬಂತ್ ನೋಡು" ಅಂತ ಕೂಗಿದಳು. ಸಂಕ್ರಾಂತಿಗೆ ಅಂತ ಆಗಲೇ ಅಂಗಡಿಗೆ ಪತಂಗದ, ಅಂದರೆ ಗಾಳಿಪಟದ, ಹಾಳೆ ಬಂದಿರುತ್ತದೆ. ಅದನ್ನೇ ಮೈದಾ ಅಂಟಿನಿಂದ ಹಚ್ಚುತ್ತೇವೆ. ಮೊದಲು 40 ವ್ಯಾಟ್‌ನ ಬಲ್ಬ್ ಹಾಕಿ ಹಾಳೆ ಕಂದಿಹೋಗಿತ್ತು. ಈಗ ಐದು ವ್ಯಾಟ್‌ನ ಎಲ್‌ಇಡಿ. ಡಿಸೆಂಬರ್ 1ಕ್ಕೆ ಕಟ್ಟಿಬಿಡುತ್ತೇವೆ. 2024ರಲ್ಲಿ ಅದೇ ದಿನ, ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರವೂ ಆಗಿತ್ತು.

ಕ್ಯಾರಲ್ಸ್ ವಿಷಯಕ್ಕೆ ಬರುತ್ತೇನೆ. ನನಗೆ ಅತಿ ಕಷ್ಟ ಆಗಿದ್ದು ಇದು, ಬಿಡಲು ಮನಸ್ಸು ಬರದಿದ್ದದ್ದೂ ಇದೇ. ನಮ್ಮ ಮಂಗಲಪೇಟೆಯಲ್ಲಿ ಹುಡುಗರು ಢೋಲಕ್, ಗಿಟಾರ್ ಹಿಡಿದು ಮನೆಮನೆಗೆ ಬರುತ್ತಾರೆ. ನಮ್ಮ ಓಣಿಯ ಪಾಳಿ ಬರುವಷ್ಟರಲ್ಲಿ ರಾತ್ರಿ ಒಂದೂವರೆ. ಮಲಗಿದ ಮಗು ಬೆಚ್ಚಿ ಎದ್ದರೆ ಬೆಳಗಿನವರೆಗೆ ಮತ್ತೆ ಮಲಗುವುದಿಲ್ಲ, ನನಗೆ ಏಳಕ್ಕೆ ಡ್ಯೂಟಿ. ಮಗನ ಮೊದಲ ಕ್ರಿಸ್ಮಸ್‌ನಲ್ಲಿ ಮುಖವಾಡ ಹಾಕಿದ ಸಾಂತಾ ಹತ್ತಿರ ಬಂದು ಅವನು ಉಸಿರು ಕಟ್ಟಿ ಅತ್ತಿದ್ದ. ಒಮ್ಮೆ ಬಾಗಿಲು ತೆಗೆಯುವುದೇ ಬೇಡ ಅಂದುಕೊಂಡೆ. ಆದರೆ ಆ ಚಳಿಯಲ್ಲಿ ಮಫ್ಲರ್ ಸುತ್ತಿಕೊಂಡು ಅಂಗಳದಲ್ಲಿ ನಿಂತು ಹಾಡುವ ಮಕ್ಕಳನ್ನು ಹಾಗೇ ಕಳಿಸುವುದು ಹೇಗೆ?

ಹಾಗಾಗಿ 2024ರಲ್ಲಿ ಆ ಹುಡುಗರಿಗೆ ಮೊದಲೇ ಫೋನ್ ಮಾಡಿ ಎರಡು ಮಾತು ಕೇಳಿಕೊಂಡೆ. ಸಾಂತಾ ಗೇಟಿನಲ್ಲೇ ಮುಖವಾಡ ತೆಗೆಯಬೇಕು. ಮೊದಲ ಹಾಡು ಢೋಲಕ್ ಇಲ್ಲದೆ ಮೆಲ್ಲಗೆ ಇರಬೇಕು. "ಆಯ್ತ್ರೀ ಅಕ್ಕಾ" ಅಂದರು, ಹಾಗೇ ಮಾಡಿದರು. ಆವತ್ತು ಮಧ್ಯಾಹ್ನ ಮಕ್ಕಳನ್ನು ಜಾಸ್ತಿ ಮಲಗಿಸಿದ್ದೆ. ರಾತ್ರಿ ಹತ್ತಕ್ಕೇ ಚಹಾ ಮಾಡಿ ಎರಡು ಫ್ಲಾಸ್ಕ್‌ಗೆ ತುಂಬಿಟ್ಟೆ. ಶುಂಠಿಯನ್ನು ಹಾಲಿಗೆ ಹಾಕಿದರೆ ಹಾಲು ಒಡೆಯುವುದುಂಟು. ನೀರಲ್ಲಿ ಶುಂಠಿ, ಪುಡಿ ಚೆನ್ನಾಗಿ ಕುದಿಸಿ, ಕೊನೆಗೆ ಕಾದ ಹಾಲು ಸೇರಿಸಿದರೆ ರಾತ್ರಿ ಎರಡಕ್ಕೂ ಹಾಗೇ ಇರುತ್ತದೆ. ಹಾಡು ಶುರುವಾದಾಗ ಮಗನನ್ನು ಶಾಲಿನಲ್ಲಿ ಸುತ್ತಿ ಎತ್ತಿಕೊಂಡೆ. ಮಗಳು ಸಂಡೇ ಸ್ಕೂಲ್ ನಾಟಕದಲ್ಲಿ ದೇವದೂತೆ. ಅವಳ ಪಾಲಿಗೆ ಇದ್ದ ಮಾತು "ಹೆದರಬೇಡಿರಿ". ಹದಿನೈದು ದಿನದಿಂದ ಮನೆ ತುಂಬಾ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದಳು. ಸಾಂತಾ ಹತ್ತಿರ ಬಂದಾಗ ತಮ್ಮನ ಕಾಲು ಹಿಡಿದು ನಮ್ಮ ಮನೆಮಾತಿನಲ್ಲಿ "ಹೆದರಬ್ಯಾಡೋ" ಅಂದಳು. ಅವನು ಅಳಲಿಲ್ಲ. ಹತ್ತಿಯ ಗಡ್ಡ ಹಿಡಿದು ನೋಡಿದ.

25ರಂದು ಬೆಳಿಗ್ಗೆ ಆರಾಧನೆ, ಮಧ್ಯಾಹ್ನ ಬಗಾರ ಅನ್ನ, ಮಟನ್. ಮಟನ್‌ಗೆ ಮಸಾಲೆ ಹಚ್ಚುವುದು ಹಿಂದಿನ ರಾತ್ರಿಯೇ ಆಗಿರುತ್ತದೆ, ಅಡುಗೆ ಅತ್ತಿಯದು. ಅದರ ಬಗ್ಗೆ ನಾನು ಹೇಳುವಂಥದ್ದೇನಿಲ್ಲ.

ತಟ್ಟೆ ಹಂಚುವುದನ್ನು ಮಾತ್ರ ನಾನು ಒಂದು ವರ್ಷ ಬಿಟ್ಟಿದ್ದೆ. ಮಗ ಹೊಟ್ಟೆಯಲ್ಲಿದ್ದ, ಕೈಲಾಗಲಿಲ್ಲ. ಬಿಟ್ಟರೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಆ ಸಂಜೆ ಮನೆ ಬಣಬಣ ಅನ್ನಿಸಿತು. ಮರುವರ್ಷದಿಂದ ಮತ್ತೆ ಶುರು ಮಾಡಿದೆ. ಈಗ ತಟ್ಟೆ ಒಯ್ಯುವುದು ಮಗಳ ಕೆಲಸ. ನಾಲ್ಕು ಕರ್ಚಿಕಾಯಿ, ಒಂದು ಹಿಡಿ ಬಿಸ್ಕತ್, ಎರಡು ತುಂಡು ಕೇಕ್, ಮೇಲೆ ಕ್ರೋಶಾ ಬಟ್ಟೆ. ಎದುರು ಮನೆಯ ಖಾಲಾ ಕಾಯುತ್ತಾ ಬಾಗಿಲಲ್ಲೇ ಇರುತ್ತಾರೆ, ಅವರ ರಂಜಾನಿನ ಶೀರ್ ಖುರ್ಮಾ ನಮ್ಮ ಮನೆಗೆ ತಪ್ಪಿದ್ದಿಲ್ಲ. ಪಕ್ಕದ ಮನೆಯ ಕಾಕಿ ಶಾಕಾಹಾರಿ. ಅವರಿಗೆ ಕೇಕ್ ಬಿಟ್ಟು, ಎರಡು ಕರ್ಚಿಕಾಯಿ ಹೆಚ್ಚಿಗೆ ಇಡುತ್ತೇವೆ. ಇದನ್ನು ಮಗಳಿಗೆ ಹೇಳಿಕೊಟ್ಟಿದ್ದೇನೆ, ಅವಳೇ ನೆನಪಿಟ್ಟು ಎಣಿಸುತ್ತಾಳೆ.

ಕಾಕಿ ತಟ್ಟೆಯನ್ನು ಆವತ್ತೇ ವಾಪಸ್ ಕೊಡುವುದಿಲ್ಲ. ಖಾಲಿ ತಟ್ಟೆ ಕಳಿಸಬಾರದಲ್ವಾ. 2024ರಲ್ಲಿ ಎಳ್ಳ ಅಮಾವಾಸ್ಯೆ ಡಿಸೆಂಬರ್ 30ಕ್ಕೆ ಬಂದಿತ್ತು. ಅವರ ಹೊಲಕ್ಕೆ ನಮ್ಮನ್ನೂ ಕರೆದರು. ತೊಗರಿ ಸಾಲಿನ ನಡುವೆ ಕೂತು ಮಕ್ಕಳಿಬ್ಬರೂ ಭಜ್ಜಿ, ಸಜ್ಜಿ ರೊಟ್ಟಿ ಉಂಡರು, ಮಗ ಅಂಬಲಿಯನ್ನು ಮೈಮೇಲೆಲ್ಲ ಚೆಲ್ಲಿಕೊಂಡ. ಮನೆಗೆ ಹೊರಡುವಾಗ ಕಾಕಿ ನಮ್ಮದೇ ತಟ್ಟೆ ತುಂಬಾ ಹಸಿ ಕಡಲೆಯ ಕಂತೆ ಇಟ್ಟು, ಕ್ರೋಶಾ ಬಟ್ಟೆ ಒಗೆದು ಮಡಚಿ ಮೇಲಿಟ್ಟು ಮಗಳ ಕೈಗೆ ಕೊಟ್ಟರು.