ಬೀದಿನಾಯಿ ಬಗ್ಗೆ ಕಂಪ್ಲೇಂಟ್ ಕೊಡೋ ಮುಂಚೆ ಅದರ ಕಿವಿ ನೋಡಿ

ನಿಮ್ಮ ಏರಿಯಾದಲ್ಲಿ ನಾಯಿ ಜಾಸ್ತಿ ಆಗಿದೆ ಅಂತ ಪಾಲಿಕೆಗೆ ಫೋನ್ ಮಾಡೋ ಮುಂಚೆ ಮಧ್ಯಾಹ್ನ ಅವು ಮಲಗಿರೋವಾಗ ದೂರದಿಂದಾನೇ ಝೂಮ್ ಮಾಡಿ ಒಂದೊಂದರ ಕಿವಿ ಫೋಟೋ ತಗೊಳ್ಳಿ, ಕಿವಿ ತುದಿ ಕತ್ತರಿಸಿದ ಹಾಗಿದ್ರೆ ಆ ನಾಯಿಗೆ ಸಂತಾನಹರಣ ಆಪರೇಷನ್ ಆಗಿದೆ ಅಂತ ಅರ್ಥ, ಪೂರ್ತಿ ಕಿವಿ ಇರೋ ನಾಯಿಗಳ ಫೋಟೋ ಮತ್ತೆ ಅವು ಮಲಗೋ ಜಾಗದ ಲೊಕೇಶನ್ ಮಾತ್ರ ಕಳಿಸಿ. ಯಾಕಂದ್ರೆ 2023ರ ಎಬಿಸಿ (ಅನಿಮಲ್ ಬರ್ತ್ ಕಂಟ್ರೋಲ್, ಅಂದ್ರೆ ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮದ ಪ್ರಕಾರ ಆಪರೇಷನ್ನು, ರೇಬಿಸ್ ಲಸಿಕೆ ಎರಡೂ ಮಾಡಿ ಸಾಮಾನ್ಯವಾಗಿ ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು, ಸುಮ್ನೆ "ನಾಯಿ ಕಾಟ, ಎತ್ಕೊಂಡು ಹೋಗಿ" ಅಂದ್ರೆ ಅವರಿಗೂ ಹೆಚ್ಚಿನ ಕಡೆ ಏನೂ ಮಾಡಕ್ಕಾಗಲ್ಲ, ಯಾವ ನಾಯಿ ಬಾಕಿ ಇದೆ ಅಂತ ತೋರಿಸಿದ್ರೆ ಹಿಡಿಯೋರಿಗೆ ಕೆಲಸ ಸುಲಭ. ಆದ್ರೆ ಎಲ್ಲಾ ಸಲ ಈ ಕಿವಿ ಗುರುತನ್ನ ನಂಬಕ್ಕಾಗಲ್ಲ: ಕಚ್ಚಾಡಿ ಹರಿದ ಕಿವೀನೂ ದೂರದಿಂದ ಹಾಗೇ ಕಾಣುತ್ತೆ, ಕತ್ತರಿಸಿದ್ದಾದ್ರೆ ಅಂಚು ನೀಟಾಗಿರುತ್ತೆ, ಹರಿದಿದ್ದು ಚಿಂದಿ ಥರ ಇರುತ್ತೆ. ಇನ್ನೊಂದು ಮುಖ್ಯ ವಿಷಯ, ಕಿವಿ ಗುರುತು ಲಸಿಕೆಗೆ ಗ್ಯಾರಂಟಿ ಅಲ್ಲ, ರೇಬಿಸ್ ಲಸಿಕೆ ಆಗಾಗ ಬೂಸ್ಟರ್ ಕೊಡಿಸ್ತಾ ಇರಬೇಕು, ಆಪರೇಷನ್ ಯಾವ ವರ್ಷ ಆಗಿತ್ತು ಅಂತ ಕಿವಿ ನೋಡಿ ಗೊತ್ತಾಗಲ್ಲ. ಹಾಗಾಗಿ ಗುರುತಿರೋ ನಾಯಿ ಕಚ್ಚಿದ್ರೂ, ಮನೇಲಿ ಸಾಕಿದ ನಾಯಿ ಕಚ್ಚಿದ್ರೂ ಗಾಯನ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ, ಅರಿಶಿನ ಸುಣ್ಣ ಏನೂ ಹಚ್ಚಬೇಡಿ.