ಕಂಪನಿಯವರೇ ಷೇರು ಮಾರಿದರಂತೆ! ಗಾಬರಿಯಾಗುವ ಮೊದಲು ಹೀಗೆ ನೋಡಿ

ಷೇರು ಪೇಟೆ ಬಿದ್ದ ದಿನ ಬದಿಯಡ್ಕದ ಅಡಿಕೆ ಅಂಗಡಿಯಲ್ಲೂ ಅದೇ ಮಾತು: 'ಡೈರೆಕ್ಟರೇ ಷೇರು ಮಾರಿದ್ದಾರಂತೆ!' ವಾಟ್ಸ್ಆ್ಯಪ್ ಸಂದೇಶ ನಂಬಿ, ಅಡಿಕೆ ಮಾರಿದ ದುಡ್ಡಲ್ಲಿ ಕೊಂಡ ಷೇರನ್ನು ನಷ್ಟಕ್ಕೆ ಕೊಟ್ಟವರನ್ನು ನೋಡಿ ನನಗೆ ಹೊಟ್ಟೆ ಉರಿದಿದೆ. ಮಾರಿದ್ದು ನಿಜವಾ, ಯಾಕೆ ಮಾರಿದರು ಎಂದು ನೀವೇ ನೋಡಬಹುದು. ಅದಕ್ಕೆ ಒಂದು ರೂಪಾಯಿಯೂ ಬೇಡ.

ಬಿಎಸ್‌ಇ (ಮುಂಬೈ ಷೇರು ವಿನಿಮಯ ಕೇಂದ್ರ) ವೆಬ್‌ಸೈಟಿನಲ್ಲಿ ಕಂಪನಿಯ ಹೆಸರು ಹಾಕಿ, ಇನ್‌ಸೈಡರ್ ಟ್ರೇಡಿಂಗ್, ಅಂದರೆ ಕಂಪನಿಯ ಒಳಗಿನವರ ಷೇರು ವ್ಯವಹಾರದ ವಿಭಾಗ ತೆರೆಯಿರಿ. ಫೋನಿನಲ್ಲಿ ಬೇಡ, ಕಂಪ್ಯೂಟರಿನಲ್ಲೇ ನೋಡಿ. ಪಟ್ಟಿ ತುಂಬ ಅಗಲ. ದುಡ್ಡು ಕೇಳುವ ಟೆಲಿಗ್ರಾಂ ಗುಂಪುಗಳಂತೂ ಬೇಡವೇ ಬೇಡ. ಷೇರು ಪೇಟೆಯ ನಿಯಂತ್ರಕ ಸೆಬಿಯ 2015ರ ನಿಯಮದಂತೆ ಪ್ರಮೋಟರ್ (ಕಂಪನಿ ಕಟ್ಟಿದ, ಹಿಡಿತ ಇಟ್ಟುಕೊಂಡವರು), ಡೈರೆಕ್ಟರ್‌ಗಳ ವ್ಯವಹಾರ ಮೂರು ತಿಂಗಳ ಅವಧಿಯಲ್ಲಿ 10 ಲಕ್ಷ ರೂಪಾಯಿ ದಾಟಿದರೆ ಅದು ಬಹಿರಂಗವಾಗಲೇಬೇಕು.

ಹೆಚ್ಚಿನವರು ಎಡವುವುದು ಇನ್ನು ಮುಂದೆ. 'ಸೇಲ್' ಎಂಬ ಪದ ಕಂಡ ಕೂಡಲೇ ಓದು ನಿಲ್ಲಿಸುತ್ತಾರೆ. ಷೇರು ಯಾವ ರೀತಿ ಕೈಬದಲಾಯಿತು ಎಂಬ ಕಾಲಂ ಓದಿ. 'ಇಂಟರ್ ಸೆ' ಎಂದಿದ್ದರೆ ಪ್ರಮೋಟರ್‌ಗಳು ತಮ್ಮೊಳಗೇ ಕೊಟ್ಟುಕೊಂಡದ್ದು. ಅಣ್ಣತಮ್ಮಂದಿರು ತೋಟ ಪಾಲು ಮಾಡಿಕೊಂಡ ಹಾಗೆ, ಹೊರಗಿನವರಿಗೆ ಹೋಗಿಲ್ಲ. 'ಇಸಾಪ್' ಎಂದಿದ್ದರೆ ಸಂಬಳದ ಭಾಗವಾಗಿ ಸಿಕ್ಕಿದ ಷೇರು. ಅದರ ತೆರಿಗೆ ಕಟ್ಟಲಿಕ್ಕೇ ಒಂದಷ್ಟು ಮಾರುವವರು ಜಾಸ್ತಿ.

'ಇನ್ವೊಕೇಶನ್ ಆಫ್ ಪ್ಲೆಜ್' ಕಂಡರೆ ಮಾತ್ರ ಎಚ್ಚರ. ಪ್ರಮೋಟರ್ ಷೇರು ಅಡವಿಟ್ಟು ಸಾಲ ಮಾಡಿದ್ದಾರೆ. ಹೆಚ್ಚಾಗಿ ಬೆಲೆ ಬಿದ್ದಿರುತ್ತದೆ, ಸಾಲ ಕೊಟ್ಟವರು ಷೇರನ್ನು ವಶಕ್ಕೆ ತೆಗೆದುಕೊಂಡಿದ್ದಾರೆ. ಅದನ್ನು ಅವರು ಮಾರಿದರೆ ಬೆಲೆ ಇನ್ನೂ ಬೀಳಬಹುದು. ಚಿನ್ನ ಅಡವಿಟ್ಟು ಬಿಡಿಸಲಾಗದೆ ಹರಾಜಿಗೆ ಹೋದದ್ದು ಕಂಡವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಇಂಥ ಕಂಪನಿಯಲ್ಲಿ ನಾನು ದುಡ್ಡು ಇಡುವುದಿಲ್ಲ, ನೀವೂ ಇಡಬೇಡಿ.

'ಮಾರ್ಕೆಟ್ ಸೇಲ್' ಎಂದಿದ್ದರೆ ಮಾರುವ ಮೊದಲು ಎಷ್ಟಿತ್ತು, ಈಗ ಎಷ್ಟಿದೆ ನೋಡಿ. ನೂರರಲ್ಲಿ ಎರಡು ಮಾರಿದರೆ ಮಗಳ ಮದುವೆಯೋ ಮನೆಯೋ ಇರಬಹುದು. ಅರ್ಧ ಮಾರಿದ್ದರೆ, ಅದೂ ಎಂಡಿ, ಹಣಕಾಸು ಮುಖ್ಯಸ್ಥ ಇಬ್ಬರೂ ಒಂದೇ ತಿಂಗಳಲ್ಲಿ ಮಾರಿದ್ದರೆ, ಸುಮ್ನೆ ಬಿಡಬೇಡಿ.

ಕೊನೆಗೆ ತಾರೀಕು. ಮೂರು ತಿಂಗಳ ಲೆಕ್ಕದ ಅವಧಿ (ತ್ರೈಮಾಸಿಕ) ಮುಗಿದಂದಿನಿಂದ ಕಂಪನಿಯ ಲಾಭನಷ್ಟದ ಫಲಿತಾಂಶ ಬಂದು 48 ಗಂಟೆಯವರೆಗೆ ಪ್ರಮೋಟರ್, ಡೈರೆಕ್ಟರ್‌ಗಳು ಸಾಮಾನ್ಯವಾಗಿ ಮಾರುವಂತಿಲ್ಲ. ಹಾಗಾಗಿ ಫಲಿತಾಂಶದ ನಂತರದ ವಾರ ಮಾರಾಟ ಹೆಚ್ಚಿರುವುದು ಸಹಜ. ಪೇಟೆ ಬೀಳುವ ಮೊದಲೇ ಮಾರಿದ್ದಾ, ಬಿದ್ದ ಮೇಲಾ ಎಂದು ಬೆಲೆಯ ನಕ್ಷೆ ಪಕ್ಕದಲ್ಲಿಟ್ಟು ನೋಡಿ. ವಾಟ್ಸ್ಆ್ಯಪಿನಲ್ಲಿ ಬರುವುದು ಎಷ್ಟೋ ಸಲ ಆರು ತಿಂಗಳ ಹಳೆಯ ಮಾರಾಟ.