ಬಿಸಿಯಾದಾಗ ಮಾತ್ರ ಕೈಕೊಡುತ್ತಿದ್ದ ಸ್ಪೀಡ್ ಸೆನ್ಸರ್

ಬಳ್ಳಾರಿಯಲ್ಲಿ ನನ್ನದೊಂದು ಆಟೋ ಎಲೆಕ್ಟ್ರಿಕಲ್ ಅಂಗಡಿ ಇದೆ. ಸೆಲ್ಫ್ ಮೋಟರ್, ಆಲ್ಟರ್ನೇಟರ್, ವೈರಿಂಗ್, ಸೆನ್ಸರ್, ಇವೇ ದಿನದ ಕೆಲಸ. ಈ ಮಾರ್ಚ್‌ನಲ್ಲಿ ಬಂದ ಒಂದು ಕಾರಿನ ಬಗ್ಗೆ ಬರೆಯಲೇಬೇಕು ಅನಿಸಿತು. ಇದೇ ದೋಷಕ್ಕೆ ಮೀಟರ್ ಬೋರ್ಡನ್ನೇ ಬದಲಿಸಿ ದುಡ್ಡು ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಕಾರು 2014ರ ಮಾದರಿ. ಪೆಟ್ರೋಲ್, ಐದು ಗೇರಿನ ಮ್ಯಾನುಯಲ್. ಸಂಡೂರಿನ ಶಾಲೆಯೊಂದರಲ್ಲಿ ಪಾಠ ಮಾಡುವ ಮೇಡಂ ಅವರದು. ಮನೆ ಬಳ್ಳಾರಿ. ದಿನಾ ತೋರಣಗಲ್ಲು ಮೇಲೆ ಹೋಗಿ ಬರುತ್ತಾರೆ. ಒಂದು ಭಾನುವಾರ ಬೆಳಿಗ್ಗೆ ಬಂದು ಹೇಳಿದರು:

"ಅಣ್ಣಾರ, ಅರವತ್ರಾಗ ಹೊಂಟಿರ್ತೀನಿ. ಮೀಟರ್ ಮುಳ್ಳು ದಬಕ್ಕಂತ ಸೊನ್ನಿಗೆ ಬೀಳ್ತೈತಿ. ಸ್ಟೇರಿಂಗ್ ಪೂರಾ ಹಗುರ ಆಗ್ತೈತಿ. ಊರಾಗ ಬಂದು ಸಿಗ್ನಲ್‌ನಾಗ ಬ್ರೇಕ್ ಹಿಡಿದ್ರ ಎಂಜಿನ್ ಆಫ್."

ಬೇರೆ ಕಡೆ ತೋರಿಸಿದ್ದರಂತೆ. ಅಲ್ಲಿ ಮೀಟರ್ ಬೋರ್ಡ್ ಹೋಗಿದೆ, ಸ್ಟೇರಿಂಗ್ ಮೋಟರನ್ನೂ ನೋಡಬೇಕಾಗುತ್ತದೆ ಎಂದಿದ್ದರಂತೆ. ಕೇಳಿದರೆ ಮೂರು ಬೇರೆ ಬೇರೆ ರೋಗದ ಹಾಗೆ ಕಾಣುತ್ತದೆ. ಆದರೆ ಮೂರಕ್ಕೂ ಬೇರು ಒಂದೇ ಇರಬಹುದು. ಇಂಥ ಕಾರಿನಲ್ಲಿ ಗೇರ್‌ಬಾಕ್ಸ್ ಮೇಲೆ ಒಂದು ಸ್ಪೀಡ್ ಸೆನ್ಸರ್ ಕೂತಿರುತ್ತದೆ. ಅದರ ಸಿಗ್ನಲ್ ಮೀಟರಿಗೂ ಬೇಕು, ಎಂಜಿನ್ ಕಂಪ್ಯೂಟರಿಗೂ ಬೇಕು, ಪವರ್ ಸ್ಟೇರಿಂಗಿಗೂ ಬೇಕು. ಸಿಗ್ನಲ್ ನಿಂತರೆ ಗಾಡಿ ಓಡುತ್ತಿದ್ದರೂ ಇವೆಲ್ಲ ಅದು ನಿಂತಿದೆ ಎಂದೇ ತಿಳಿಯುತ್ತವೆ. ನಿಂತ ಗಾಡಿಗೆ ಕೊಡುವಷ್ಟು ಸಹಾಯವನ್ನು ಸ್ಟೇರಿಂಗ್ ಅರವತ್ತರ ವೇಗದಲ್ಲೂ ಕೊಡುತ್ತದೆ, ಅದಕ್ಕೇ ಹಗುರ. ಇನ್ನು ಆಕ್ಸಿಲೇಟರ್ ಬಿಟ್ಟು ಬ್ರೇಕ್ ಹಿಡಿದಾಗ ಎಂಜಿನ್ ಕಂಪ್ಯೂಟರ್ ಆರ್‌ಪಿಎಂ ಅನ್ನು ಸ್ವಲ್ಪ ಮೇಲೆ ಹಿಡಿದು ನಿಧಾನ ಇಳಿಸಬೇಕು. ವೇಗವೇ ಗೊತ್ತಿಲ್ಲದಿದ್ದರೆ ಆ ಲೆಕ್ಕ ತಪ್ಪುತ್ತದೆ, ಎಂಜಿನ್ ನಿಲ್ಲುತ್ತದೆ. ಲಾರಿಗಳ ನಡುವೆ ಹೋಗುವ ಆ ರೋಡಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಮೇಡಂಗೆ ಅದನ್ನೇ ಮೊದಲು ಹೇಳಿದೆ.

ಸ್ಕ್ಯಾನರ್ ಹಾಕಿದೆ. ಪಿ0500 ಬಂತು. ಈ ಕೋಡ್ ನೋಡಿದ ಕೂಡಲೇ ಹೊಸ ಸೆನ್ಸರ್ ತರಿಸುವವರು ಜಾಸ್ತಿ. ನಾನು ಹಾಗೆ ಮಾಡುವುದಿಲ್ಲ. ವೇಗದ ಸಿಗ್ನಲ್ ತನಗೆ ಬರುತ್ತಿಲ್ಲ ಎಂದಷ್ಟೇ ಕಂಪ್ಯೂಟರ್ ಹೇಳುತ್ತಿದೆ. ಸೆನ್ಸರ್ ಸತ್ತಿರಬಹುದು, ವೈರ್ ತುಂಡಾಗಿರಬಹುದು, ವೈರ್ ಸೇರಿಸುವ ಕಪ್ಲರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿರಬಹುದು, ಗೇರಿನ ಹಲ್ಲು ಸವೆದಿರಬಹುದು. ಕೋಡ್ ಬಿದ್ದ ಗಳಿಗೆಯಲ್ಲಿ ಗಾಡಿಯ ಸ್ಥಿತಿ ಏನಿತ್ತು ಎಂಬ ಫ್ರೀಜ್ ಫ್ರೇಮ್ ಮಾತ್ರ ತಪ್ಪದೇ ನೋಡಬೇಕು. ಇಲ್ಲಿ ಆರ್‌ಪಿಎಂ 2,400, ಎಂಜಿನ್ ಮೇಲೆ ಲೋಡ್ ಇದೆ, ವೇಗ 0. ಕೂಲಂಟ್ ಬಿಸಿ 97 ಡಿಗ್ರಿ. ಆ 97 ಅನ್ನು ಅವತ್ತು ನಾನು ಓದಿದೆ, ಆದರೆ ಅದರ ಬಗ್ಗೆ ಯೋಚನೆ ಮಾಡಲಿಲ್ಲ.

ಸೆನ್ಸರ್ ಯಾವ ಜಾತಿಯದು ಎಂದು ತಿಳಿಯದೆ ಮಲ್ಟಿಮೀಟರ್ ಹಚ್ಚಬಾರದು. ಎರಡು ವೈರಿನದಾದರೆ ಒಳಗೆ ಆಯಸ್ಕಾಂತ, ಅದರ ಸುತ್ತ ಕಾಯಿಲ್. ಗೇರಿನ ಹಲ್ಲು ಮುಂದೆ ಹಾದಾಗ ತಾನೇ ಎಸಿ ವೋಲ್ಟೇಜ್ ಹುಟ್ಟಿಸುತ್ತದೆ. ಅದರ ಓಮ್ಸ್, ಅಂದರೆ ಕಾಯಿಲಿನ ಪ್ರತಿರೋಧ, ನೋಡಬಹುದು. ಮೂರು ವೈರಿನದು ಸಾಮಾನ್ಯವಾಗಿ ಹಾಲ್ ಸೆನ್ಸರ್, ಅಂದರೆ ಆಯಸ್ಕಾಂತದ ಏರಿಳಿತವನ್ನು ಚಿಪ್‌ನಿಂದ ಗುರುತಿಸುವಂಥದ್ದು. ಒಂದರಲ್ಲಿ ಕರೆಂಟ್, ಒಂದು ಅರ್ತ್, ಒಂದು ಸಿಗ್ನಲ್. ಅದರೊಳಗೆ ಚಿಪ್ ಇರುವುದರಿಂದ ಓಮ್ಸ್ ನೋಡಿದರೆ ಏನೂ ತಿಳಿಯುವುದಿಲ್ಲ, ಕೆಲವೊಮ್ಮೆ ಚಿಪ್ಪೇ ಹಾಳಾಗಬಹುದು. ಈ ಕಾರಿನದು ಮೂರು ವೈರ್.

ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ ನೋಡಿದೆ. ಕರೆಂಟ್ ಪಿನ್ನಿನಲ್ಲಿ 12.3 ವೋಲ್ಟ್. ಬರೀ ಮಲ್ಟಿಮೀಟರ್ ನಂಬಿ ಮುಂದೆ ಹೋಗಬೇಡಿ. ಒಂದೇ ಎಳೆ ಉಳಿದ ವೈರಿನಲ್ಲೂ ಮಲ್ಟಿಮೀಟರ್ 12 ವೋಲ್ಟ್ ತೋರಿಸುತ್ತದೆ. ಕರೆಂಟ್ ಮತ್ತು ಅರ್ತ್ ಪಿನ್ನುಗಳ ನಡುವೆ 5 ವ್ಯಾಟಿನ ಪಾರ್ಕಿಂಗ್ ಬಲ್ಬ್ ಹಚ್ಚಿದೆ. ಚೆನ್ನಾಗಿ ಉರಿಯಿತು. ಅಂದರೆ ಎರಡೂ ವೈರಿಗೆ ಜೀವ ಇದೆ. ಸಿಗ್ನಲ್ ಪಿನ್ನಿನಲ್ಲಿ 5 ವೋಲ್ಟ್ ಹತ್ತಿರ ಇತ್ತು. ಆ ವೋಲ್ಟೇಜ್ ಬರುವುದು ಮೀಟರ್, ಕಂಪ್ಯೂಟರ್ ಕಡೆಯಿಂದ, ಸೆನ್ಸರಿನಿಂದ ಅಲ್ಲ. ಸೆನ್ಸರ್ ಮಾಡುವ ಕೆಲಸ ಇಷ್ಟೇ: ಆ ವೈರನ್ನು ಅರ್ತಿಗೆ ತಾಗಿಸುವುದು, ಬಿಡುವುದು, ಮತ್ತೆ ತಾಗಿಸುವುದು.

ಅದೇ ಕೆಲಸವನ್ನು ನಾವು ಕೈಯಲ್ಲೇ ಮಾಡಿ ಮೀಟರ್ ಬೋರ್ಡ್ ಪರೀಕ್ಷಿಸಬಹುದು. ಸಿಗ್ನಲ್ ವೈರಿಗೆ ಒಂದು ತುಂಡು ವೈರ್ ಸಿಕ್ಕಿಸಿ, ಅದರ ತುದಿಯನ್ನು ಅರ್ತಿಗೆ ಟಕಟಕ ತಾಗಿಸುತ್ತಾ ಹೋದೆ. ನಮ್ಮ ಹುಡುಗ ಒಳಗೆ ಕೂತು ಮುಳ್ಳು ನೋಡುತ್ತಿದ್ದ. "ಅಣ್ಣಾ, ಅಲ್ಲಾಡ್ತೈತಿ!" ಎಂದು ಕೂಗಿದ. ಒಂದು ಸಲ ತಾಗಿ ಬಿಟ್ಟರೆ ಒಂದು ಪಲ್ಸ್. ಬಹಳ ಕಾರುಗಳಲ್ಲಿ ಕಿಲೋಮೀಟರಿಗೆ ಸೆನ್ಸರಿನ ಗೇರ್ 637 ಸುತ್ತು, ಸುತ್ತಿಗೆ 4 ಪಲ್ಸ್ ಎಂಬ ಲೆಕ್ಕ ಇದೆ. ಅರವತ್ತರ ವೇಗಕ್ಕೆ ಸೆಕೆಂಡಿಗೆ 42 ಪಲ್ಸ್ ಆಗುತ್ತದೆ. ಕೈಯಿಂದ ಸೆಕೆಂಡಿಗೆ ಐದು ಸಲ ತಾಗಿಸಿದರೆ ಏಳು ಕಿಲೋಮೀಟರ್ ವೇಗ. ಮುಳ್ಳು ಸ್ವಲ್ಪವೇ ಏಳುತ್ತದೆ, ಆದರೆ ಎದ್ದರೆ ಸಾಕು. ವೈರ್ ಸರಿ, ಮೀಟರ್ ಬೋರ್ಡ್ ಸರಿ. ದೊಡ್ಡ ಖರ್ಚು ತಪ್ಪಿತು. ಒಂದು ಎಚ್ಚರಿಕೆ: ತಾಗಿಸುವುದು ಅರ್ತಿಗೆ ಮಾತ್ರ. ತಪ್ಪಿ 12 ವೋಲ್ಟಿಗೆ ತಾಗಿದರೆ ಕಂಪ್ಯೂಟರ್ ಹೋಗಬಹುದು.

ಕಪ್ಲರ್ ಮತ್ತೆ ಹಾಕಿ, ಸಿಗ್ನಲ್ ವೈರಿನ ಹಿಂದಿನ ರಬ್ಬರ್ ಸಂದಿಯಲ್ಲಿ ಗುಂಡುಪಿನ್ ತೂರಿಸಿ ಮಲ್ಟಿಮೀಟರ್ ಹಚ್ಚಿದೆ. ವೈರಿನ ಮೇಲಿನ ಪ್ಲಾಸ್ಟಿಕ್ ಚುಚ್ಚುವವರಿದ್ದಾರೆ. ಮಳೆಗಾಲದಲ್ಲಿ ಆ ತೂತಿನಿಂದಲೇ ನೀರು ಒಳಗೆ ಹೋಗಿ ತಾಮ್ರ ಕೊಳೆಯುತ್ತದೆ, ದಯವಿಟ್ಟು ಚುಚ್ಚಬೇಡಿ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಒಂದು ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆವು. ಗೇರ್ ನ್ಯೂಟ್ರಲ್. ಹುಡುಗ ಚಕ್ರ ನಿಧಾನ ತಿರುಗಿಸಿದ. ಮಲ್ಟಿಮೀಟರಿನಲ್ಲಿ 5, 0, 5, 0. ಒಂದು ಏಟೂ ತಪ್ಪಲಿಲ್ಲ.

ಅಂದರೆ ಸೆನ್ಸರೂ ಸರಿ. ಹಾಗಾದರೆ ದೋಷ ಎಲ್ಲಿ? ಕಪ್ಲರಿನ ಮೇಲೆ ಅದಿರಿನ ಕೆಂಪು ದೂಳು ದಪ್ಪಗೆ ಕೂತಿತ್ತು. ಸಂಡೂರು ಕಡೆ ಓಡುವ ಗಾಡಿಗಳಲ್ಲಿ ಇದು ಇದ್ದದ್ದೇ. ದೂಳಿನಿಂದ ಪಿನ್ ಸರಿಯಾಗಿ ಕೂತಿಲ್ಲ ಎಂದುಕೊಂಡು ಕ್ಲೀನರ್ ಹೊಡೆದು, ಪಿನ್ನು ಬಿಗಿ ಮಾಡಿ, ಕೋಡ್ ಅಳಿಸಿ ಕಳಿಸಿದೆ. ಅದು ನನ್ನ ತಪ್ಪು. ದೋಷವನ್ನು ಕಣ್ಣಾರೆ ನೋಡದೆಯೇ ರಿಪೇರಿ ಆಯಿತು ಎಂದು ತೀರ್ಮಾನ ಮಾಡಿದ್ದೆ.

ಮುಂದಿನ ಶುಕ್ರವಾರ ಸಂಜೆ ಮೇಡಂ ಫೋನ್ ಮಾಡಿದರು. ಸೋಮವಾರದಿಂದಲೇ ಮತ್ತೆ ಶುರುವಾಗಿತ್ತಂತೆ. ಭಾನುವಾರ ಬಂದಾಗ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು. ಹಿಂದಿನ ಪುಟದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು. ತಾರೀಕು, ಸಮಯ, ಜಾಗ. ಮುಳ್ಳು ಬಿದ್ದ ಪ್ರತಿ ಸಲವೂ ಮನೆಗೆ ಹೋಗಿ ಬರೆದಿಟ್ಟಿದ್ದರು. ಮೊದಲ ದಿನವೇ ನಾನು ಕೇಳಿದ್ದರೆ ಕೊಡುತ್ತಿದ್ದರು. ಕೇಳಿರಲಿಲ್ಲ.

ಹನ್ನೊಂದು ಸಾಲು ಇತ್ತು. ಒಂದೂ ಬೆಳಗಿನದಲ್ಲ. ಎಲ್ಲವೂ ಸಂಜೆ ಐದರ ಆಚೀಚೆ, ಶಾಲೆ ಬಿಟ್ಟು ವಾಪಸ್ ಬರುವಾಗ. ಹತ್ತು ಸಲ ಜಾಗ ತೋರಣಗಲ್ಲು. ಒಂದು ಸಲ ಮಾತ್ರ ಕುಡತಿನಿ. ಆ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಸಣ್ಣಗೆ ಬರೆದಿದ್ದರು: "ಇವತ್ತು ಬೇವಿನ ಮರದ ನೆರಳಲ್ಲಿ ನಿಲ್ಲಿಸಿದ್ದೆ."

ನನಗೆ ಆಗ ಆ 97 ಡಿಗ್ರಿ ನೆನಪಾಯಿತು. ದಿನವಿಡೀ ಬಿಸಿಲಲ್ಲಿ ಕಾದ ಗಾಡಿ. ಅರ್ಧ ಗಂಟೆಗೂ ಜಾಸ್ತಿ ಓಡಿರುತ್ತದೆ. ತೋರಣಗಲ್ಲಿನಲ್ಲಿ ಲಾರಿ ಸಾಲಿನ ಹಿಂದೆ ನಿಂತು ನಿಂತು ಹೋಗಬೇಕು. ಗಾಳಿ ಆಡುವುದಿಲ್ಲ. ರೇಡಿಯೇಟರಿನ ಬಿಸಿಗಾಳಿಯೆಲ್ಲ ಗೇರ್‌ಬಾಕ್ಸ್ ಮೇಲೆಯೇ. ನೆರಳಲ್ಲಿ ನಿಂತ ದಿನ ಆ ಬಿಸಿ ಮುಟ್ಟಲು ಇನ್ನೂ ಹತ್ತು ಕಿಲೋಮೀಟರ್ ಬೇಕಾಯಿತು. ನಾನು ಪರೀಕ್ಷೆ ಮಾಡಿದ್ದು ಬೆಳಿಗ್ಗೆ ಒಂಬತ್ತಕ್ಕೆ, ತಣ್ಣಗಿನ ಗಾಡಿಯಲ್ಲಿ!

ಆ ಭಾನುವಾರ ಗಾಡಿಯನ್ನು ಅಂಗಡಿ ಮುಂದೆ ಬಿಸಿಲಿಗೇ ಬಿಟ್ಟೆ. ಮೂರು ಗಂಟೆಗೆ ಬಾನೆಟ್ ಮುಟ್ಟಲು ಆಗುತ್ತಿರಲಿಲ್ಲ. ಮಲ್ಟಿಮೀಟರ್, ಗುಂಡುಪಿನ್, ಹಳೇ ಟವೆಲ್, ಎರಡು ಬಾಟಲಿ ನೀರು ತೆಗೆದುಕೊಂಡು ಹುಡುಗನ ಜೊತೆ ತೋರಣಗಲ್ಲು ರೋಡ್ ಹಿಡಿದೆ. ಸ್ಕ್ಯಾನರಿನ ಲೈವ್ ಡೇಟಾ ಫೋನಿನಲ್ಲಿ ಓಡುತ್ತಿತ್ತು. ಹುಡುಗ ಅದನ್ನೇ ನೋಡುತ್ತಿದ್ದ. ಹೋಗುವಾಗ ಏನೂ ಆಗಲಿಲ್ಲ. ಲಾರಿಗಳ ಹಿಂದೆ ಹತ್ತು ನಿಮಿಷ ತೆವಳಿ ವಾಪಸ್ ತಿರುಗಿದೆವು. ಸ್ವಲ್ಪ ದೂರ ಬಂದಿದ್ದೆವು. 58, 57, 58, ಆಮೇಲೆ 0. ಮುಳ್ಳೂ ಬಿತ್ತು. ನನಗೆ ಖುಷಿಯೇ ಆಯಿತು.

ರೋಡಿನಿಂದ ಚೆನ್ನಾಗಿ ಒಳಗೆ, ಸಮತಟ್ಟು ಜಾಗದಲ್ಲಿ ನಿಲ್ಲಿಸಿದೆ. ಎಂಜಿನ್ ಆಫ್, ಕೀ ಆನ್, ನ್ಯೂಟ್ರಲ್. ಈಗ ಪ್ರತಿ ನಿಮಿಷವೂ ಮುಖ್ಯ, ತಣ್ಣಗಾದರೆ ಸಾಕ್ಷಿ ಹೋಗುತ್ತದೆ. ಕರೆಂಟ್ ಪಿನ್ 12.2 ವೋಲ್ಟ್. ಸೆನ್ಸರಿನ ಅರ್ತ್ ಪಿನ್ನಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ 0.04 ವೋಲ್ಟ್. 0.1ರ ಒಳಗಿದ್ದರೆ ಅರ್ತ್ ಚೆನ್ನಾಗಿದೆ ಎಂದೇ ಅರ್ಥ. ಸಿಗ್ನಲ್ 5 ವೋಲ್ಟ್. "ತಳ್ಳು ತಮ್ಮಾ" ಎಂದೆ. ಹುಡುಗ ಹಿಂದಿನಿಂದ ಗಾಡಿ ತಳ್ಳಿದ. ನಾನು ಪಕ್ಕದಲ್ಲೇ ನಡೆಯುತ್ತಾ ಮಲ್ಟಿಮೀಟರ್ ನೋಡಿದೆ. ಗಾಡಿ ಎರಡು ಮಾರು ಮುಂದೆ ಹೋಯಿತು. ಸಿಗ್ನಲ್ 5ರಲ್ಲೇ ನಿಂತಿತ್ತು, ಒಂದು ಸಲವೂ 0ಗೆ ಇಳಿಯಲಿಲ್ಲ. ಕರೆಂಟ್ ಇದೆ, ಅರ್ತ್ ಇದೆ, ಚಕ್ರ ತಿರುಗುತ್ತಿದೆ. ಸೆನ್ಸರ್ ಮಾತ್ರ ಸುಮ್ಮನಿದೆ.

ಟವೆಲ್ ನೆನೆಸಿ, ಹಿಂಡಿ, ಸೆನ್ಸರಿನ ಮೈಗೆ ಸುತ್ತಿದೆ. ಕಪ್ಲರಿಗೆ ನೀರು ಹೋಗದ ಹಾಗೆ, ಸೈಲೆನ್ಸರ್ ಪೈಪಿಗೆ ಕೈ ತಾಗದ ಹಾಗೆ ನೋಡಿಕೊಂಡು. ಹಬೆ ಎದ್ದಿತು. ಎರಡು ಸಲ ಬದಲಿಸಿದೆ. ಆರೇಳು ನಿಮಿಷ ಆದ ಮೇಲೆ ಮತ್ತೆ ತಳ್ಳಿಸಿದೆ. 5, 0, 5, 0. ಗೇರ್‌ಬಾಕ್ಸ್ ಇನ್ನೂ ಬಿಸಿಯಾಗಿಯೇ ಇತ್ತು, ವೈರಿಂಗ್ ಮುಟ್ಟಿರಲಿಲ್ಲ. ತಣ್ಣಗಾಗಿದ್ದು ಸೆನ್ಸರ್ ಒಂದೇ. ಇಷ್ಟು ಸಿಕ್ಕ ಮೇಲೆ ಹೊಸ ಸೆನ್ಸರ್ ತರಿಸಲು ನನಗೆ ಅನುಮಾನ ಉಳಿಯಲಿಲ್ಲ.

ಬಿಚ್ಚುವುದು ಸುಲಭ. 10 ನಂಬರ್ ಪಾನಾ, ಒಂದೇ ಬೋಲ್ಟ್. ಆದರೆ ಬಿಚ್ಚುವ ಮೊದಲು ಸುತ್ತಲಿನ ದೂಳನ್ನು ಪೂರ್ತಿ ಒರೆಸಿ, ಗಾಳಿ ಹೊಡೆಯಬೇಕು. ಸೆನ್ಸರ್ ಎತ್ತಿದ ಕೂಡಲೇ ಆ ತೂತು ನೇರ ಗೇರ್‌ಬಾಕ್ಸಿನೊಳಗೆ ತೆರೆಯುತ್ತದೆ. ಮೇಡಂ ಕೇಳಿದ್ದರು, ಅದಿರಿನ ದೂಳು ಒಳಗೆ ಹೋಗಿ ಹಾಳಾಯಿತಾ ಅಂತ. ಇಲ್ಲ. ಸೆನ್ಸರಿನ ಸುತ್ತ ಸಂದಿ ಮುಚ್ಚುವ ರಬ್ಬರ್ ಉಂಗುರ, ಓ-ರಿಂಗ್, ಸರಿ ಇರುವ ತನಕ ದೂಳು ಒಳಗೆ ಹೋಗುವುದಿಲ್ಲ, ನಾವು ಬಿಚ್ಚುವಾಗ ಮೈಮರೆತರೆ ಮಾತ್ರ ಹೋಗುತ್ತದೆ. ಎರಡು ವೈರಿನ ಸೆನ್ಸರುಗಳ ಆಯಸ್ಕಾಂತದ ತುದಿಗೆ ಕಬ್ಬಿಣದ ಪುಡಿ ಅಂಟಿರುವುದನ್ನು ನೋಡಿದ್ದೇನೆ, ಅದು ಒಳಗಿನ ಗೇರುಗಳೇ ಸವೆದು ಬಂದ ಪುಡಿ. ಇಲ್ಲಿ ಸೆನ್ಸರಿನ ತುದಿಯ ಸಣ್ಣ ಪ್ಲಾಸ್ಟಿಕ್ ಗೇರನ್ನು ಬೆರಳಲ್ಲಿ ಸವರಿ ನೋಡಿದೆ. ಹಲ್ಲುಗಳೆಲ್ಲ ಚೂಪಾಗಿಯೇ ಇದ್ದವು. ಅದು ಸವೆದಿದ್ದರೆ ಹೊಸ ಸೆನ್ಸರಿನ ಜೊತೆ ಅದನ್ನೂ ಬದಲಿಸಬೇಕಿತ್ತು.

ಹಳೇ ಸೆನ್ಸರನ್ನು ಬೆಂಚ್ ಮೇಲಿಟ್ಟು ಮೇಡಂಗೆ ತೋರಿಸಿದೆ. ಬ್ಯಾಟರಿಯಿಂದ ಕರೆಂಟ್, ಅರ್ತ್ ಕೊಟ್ಟು, ಪ್ಲಸ್ಸಿನಿಂದ 1 ಕಿಲೋ ಓಮ್ ರೆಸಿಸ್ಟರ್, ಒಂದು ಎಲ್‌ಇಡಿ ಹಾಕಿ ಸಿಗ್ನಲ್ ಪಿನ್ನಿಗೆ ಸೇರಿಸಿದೆ. ಗೇರನ್ನು ಬೆರಳಲ್ಲಿ ತಿರುಗಿಸಿದರೆ ಎಲ್‌ಇಡಿ ಮಿಣುಕುತ್ತಿತ್ತು. ಪಕ್ಕದ ಮನೆಯಿಂದ ತಂದ ಹೇರ್ ಡ್ರೈಯರ್ ಹಿಡಿದೆ. ನಾಲ್ಕು ನಿಮಿಷ ಮಿಣುಕಿತು, ಆಮೇಲೆ ನಿಂತೇ ಹೋಯಿತು. ಎಷ್ಟು ತಿರುಗಿಸಿದರೂ ಇಲ್ಲ. ಫ್ಯಾನಿನ ಕೆಳಗೆ ಇಟ್ಟ ಮೇಲೆ ಮತ್ತೆ ಮಿಣುಕಿತು. ಒಳಗಿನ ಚಿಪ್ಪೋ, ಬೆಸುಗೆಯೋ ಬಿಸಿಗೆ ಹಿಗ್ಗಿ ಸಂಪರ್ಕ ಬಿಡುತ್ತದೆ. ಪೂರ್ತಿ ಮುಚ್ಚಿ ಎರಕ ಹಾಕಿರುವುದರಿಂದ ರಿಪೇರಿ ಆಗುವ ವಸ್ತು ಅಲ್ಲ. "ಮಕ್ಕಳಿಗೂ ಇದನ್ನ ತೋರಿಸ್ತೀನಿ, ನನಗ ಕೊಡ್ರಿ" ಎಂದು ಮೇಡಂ ಅದನ್ನು ಕಾಗದದಲ್ಲಿ ಸುತ್ತಿಕೊಂಡರು.

ಹೊಸ ಓ-ರಿಂಗಿಗೆ ಗೇರ್ ಆಯಿಲ್ ಸವರಿ ಹೊಸ ಸೆನ್ಸರ್ ಕೂರಿಸಿದೆ. ಕೋಡ್ ಅಳಿಸಿದೆ. ಈ ಸಲ ಮಧ್ಯಾಹ್ನ ಮೂರಕ್ಕೆ, ಅದೇ ರೋಡಿನಲ್ಲಿ, ಅದೇ ಲಾರಿಗಳ ಹಿಂದೆ ಹೋಗಿ ಬಂದೆ. ಫೋನಿನ ಜಿಪಿಎಸ್ 60 ಎಂದಾಗ ಮೀಟರ್ 63 ತೋರಿಸಿತು. ಕಂಪನಿ ಮೀಟರುಗಳು ಸ್ವಲ್ಪ ಜಾಸ್ತಿಯೇ ತೋರಿಸುತ್ತವೆ, ಅದು ದೋಷ ಅಲ್ಲ.

ಎಲ್ಲ ಕಾರಿಗೂ ಇದೇ ದಾರಿ ಹಿಡಿಯಬೇಡಿ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ ಆಗಿದೆ. ಅಂಥ ಬಹಳ ಕಾರುಗಳು ವೇಗವನ್ನು ಚಕ್ರದ ಸೆನ್ಸರುಗಳಿಂದಲೇ ತೆಗೆದುಕೊಳ್ಳುತ್ತವೆ, ಗೇರ್‌ಬಾಕ್ಸ್ ಮೇಲೆ ಹುಡುಕಿದರೆ ಏನೂ ಸಿಗುವುದಿಲ್ಲ. ಆಟೋಮ್ಯಾಟಿಕ್ ಗಾಡಿಯಾದರೆ ಒಳಬರುವ ವೇಗಕ್ಕೆ ಒಂದು, ಹೊರಹೋಗುವ ವೇಗಕ್ಕೆ ಒಂದು ಸೆನ್ಸರ್ ಇರುತ್ತವೆ. ಪಿ0715 ಬಂದರೆ ಒಳಬರುವುದರದು, ಪಿ0720 ಅಥವಾ ಪಿ0722 ಬಂದರೆ ಹೊರಹೋಗುವುದರದು. ಅಲ್ಲಿ ಸಿಗ್ನಲ್ ಹೋದರೆ ಗಾಡಿ ಒಂದೇ ಗೇರಿನಲ್ಲಿ ಸಿಕ್ಕಿಕೊಂಡು ಎಳೆಯುವುದಿಲ್ಲ, ಗೇರ್‌ಬಾಕ್ಸೇ ಹೋಯಿತು ಎಂದು ಜನ ಹೆದರುತ್ತಾರೆ. ಗೇರ್‌ಬಾಕ್ಸ್ ಇಳಿಸುವ ಮೊದಲು ಬಿಸಿ ಗಾಡಿಯಲ್ಲಿ ಈ ಎರಡು ಸೆನ್ಸರುಗಳನ್ನು ನೋಡಿ.

ಗಾಡಿ ಕೊಡುವಾಗ ಇನ್ನೊಂದು ವಿಷಯ ಹೊಳೆಯಿತು. ಮುಳ್ಳು ಬಿದ್ದಾಗ ಕಿಲೋಮೀಟರ್ ಓಟವೂ ನಿಂತಿರುತ್ತದೆ, ಅಲ್ವಾ? ಮೇಡಂ ಅಲ್ಲೇ ನೋಟ್‌ಬುಕ್ ತೆಗೆದು ಕೂಡಿದರು. ಹತ್ತು ಸಲ ತೋರಣಗಲ್ಲಿನಿಂದ ಮನೆವರೆಗೆ, ಒಂದು ಸಲ ಕುಡತಿನಿಯಿಂದ. ಸುಮಾರು 300 ಕಿಲೋಮೀಟರ್ ಲೆಕ್ಕಕ್ಕೇ ಬಂದಿರಲಿಲ್ಲ. ಬಾನೆಟ್ ಒಳಗೆ ಅಂಟಿಸಿದ್ದ ಆಯಿಲ್ ಬದಲಿಸುವ ಚೀಟಿಯಲ್ಲಿ 71,000 ಎಂದಿತ್ತು. ಅದನ್ನು ಹೊಡೆದು 70,700 ಎಂದು ಬರೆದೆ.